ಐದನೇ ಸ್ಲಾಟಿನ ಕಾರ್ಡು

ಮಿಷನ್ ಮಾವನಿಗೆ ಹೆದರೋಕೆ ಕಾರಣ ಬೇಕಿರಲಿಲ್ಲ, ಸ್ವಲ್ಪ ಬಿಡುವು ಸಿಕ್ಕರೆ ಸಾಕಿತ್ತು. ಬಾಗಿಲು ಬಡಿದರೆ ಹೆದರಿಕೆ, ಬಡಿಯದಿದ್ದರೆ ಇವತ್ತು ಯಾಕೆ ಯಾರೂ ಬಂದಿಲ್ಲ ಅಂತ ಹೆದರಿಕೆ. ಅಂಚೆಯಲ್ಲಿ ಕಾಗದ ಬಂದರೆ ಹೆಂಡತಿ ಕೈಗೆ ಕೊಟ್ಟು, ತಾವು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು, "ಏನಂತೆ? ಒಳ್ಳೇದಾದ್ರೆ ಮಾತ್ರ ಹೇಳು" ಅಂತ ಒಳಗಿಂದ ಕೂಗೋರು. ಇಂಥ ಮನುಷ್ಯ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದುದು ಒಂದೇ ಕಾರಣಕ್ಕೆ. ಅವರ ಕಚೇರಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು, ಅದನ್ನು ನಡೆಸೋಕೆ ಇವರೊಬ್ಬರಿಗೇ ಬರುತ್ತಿತ್ತು. ಬರುತ್ತದೆ ಅಂತ ಎಲ್ಲರೂ ನಂಬಿದ್ದರು ಅಂದರೆ ಇನ್ನೂ ಸರಿ.

ಅದು ನದಿಯ ನೀರಿನ ಮಟ್ಟ ಬರೆದಿಡುವ ಕಚೇರಿ. ಸೇತುವೆ ಕೆಳಗೆ ನೆಟ್ಟ ಅಳತೆ ಕೊಳವೆಯಿಂದ ಒಂದು ತಂತಿ ಗೋಡೆ ಹತ್ತಿ, ಕಿಟಕಿ ತೂರಿ, ಕಂಪ್ಯೂಟರಿನ ಬೆನ್ನಿಗೆ ಬಂದು ಸೇರುತ್ತಿತ್ತು. ಗಂಟೆಗೊಂದು ಸಲ ಪ್ರಿಂಟರ್ ಕರಕರ ಅಂತ ಒಂದು ಸಾಲು ಉಗುಳೋದು. ಮಿಷನ್ ಮಾವ ಅದನ್ನು ಹರಿದು, ಕಣ್ಣಿಗೆ ಹತ್ತಿರ ಹಿಡಿದು, "ಹೂಂ" ಅಂದು ಫೈಲಿಗೆ ಚುಚ್ಚೋರು. ಆ "ಹೂಂ" ಇಲ್ಲದಿದ್ದರೆ ನದಿ ಹರಿಯೋದೇ ನಿಲ್ಲಿಸುತ್ತಿತ್ತೇನೋ ಅನ್ನೋ ಗಾಂಭೀರ್ಯ ಅವರ ಮುಖದಲ್ಲಿ. ಊರಿನ ಬೇರೆ ಕಚೇರಿಗಳಿಗೆಲ್ಲ ಹೊಸ ಕಂಪ್ಯೂಟರ್ ಬಂದು, ಅವೂ ಹಳೆಯದಾಗಿ, ಇನ್ನೊಂದು ಸಲ ಹೊಸದು ಬಂದಿತ್ತು. ಇಲ್ಲಿ ಮಾತ್ರ ಅದೇ ಹಳೇ ಪೆಟ್ಟಿಗೆ. ನದಿಯ ತಂತಿ ಸಿಕ್ಕಿಸುವ ಕಾರ್ಡು ಹೊಸದರಲ್ಲಿ ಕೂರುತ್ತಿರಲಿಲ್ಲ.

ಕಾರ್ಡು ಅಂದರೆ ಅಂಗೈ ಅಗಲದ ಹಸಿರು ಹಲಗೆ, ಮೇಲೆ ಕಪ್ಪು ಕಪ್ಪು ಚಿಪ್ಪುಗಳು. ಕಂಪ್ಯೂಟರಿನ ಹೊಟ್ಟೆಯಲ್ಲಿ ಐದು ಸ್ಲಾಟು, ಒಂದೊಂದರಲ್ಲಿ ಒಂದೊಂದು ಕಾರ್ಡು ನಿಲ್ಲಿಸಬಹುದು. ಯಾವ ಸ್ಲಾಟಿನಲ್ಲಿ ಯಾವ ಕಾರ್ಡಿದೆ ಅಂತ ನದಿ ಲೆಕ್ಕದ ಪ್ರೋಗ್ರಾಮಿಗೆ ತಿಳಿಯಬೇಕಲ್ಲ? ಅದಕ್ಕೇ ಹನ್ನೆರಡು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ಬಂದು ಒಂದು ಪಟ್ಟಿ ಪ್ರೋಗ್ರಾಂ ಹಾಕಿ ಹೋಗಿದ್ದ. ಒಂದು ಗುಂಡಿ ಒತ್ತಿದರೆ ಸಾಕು, ಕಪ್ಪು ಪರದೆ ಮೇಲೆ ಹಸಿರು ಅಕ್ಷರದಲ್ಲಿ ಸ್ಲಾಟಿನ ಸಂಖ್ಯೆ, ಕಾರ್ಡಿನ ಹೆಸರು, ಮಾಡಿದ ಕಂಪನಿ, ಸ್ಥಿತಿ ಉತ್ತಮ ಅಂತ ಸಾಲಾಗಿ ಮೂಡೋದು. ಮಿಷನ್ ಮಾವ ಬಂದುಹೋದವರಿಗೆಲ್ಲ ಅದನ್ನು ತೋರಿಸಿ, "ನಾನು ಕೇಳ್ತೀನಿ, ಅದು ಹೇಳುತ್ತೆ. ನಮ್ಮಿಬ್ಬರ ಮಧ್ಯೆ ಇನ್ನೊಬ್ಬರು ಬೇಕಿಲ್ಲ" ಅನ್ನೋರು. ಎದುರುಮನೆ ಟೈಲರ್ ಒಂದು ದಿನ ಕಚೇರಿಗೆ ಬಂದು ಇದನ್ನು ನೋಡಿ, ವಾಪಸ್ ಹೋಗಿ ಬೀದಿಗೆಲ್ಲ ಹೇಳಿದ್ದೇ ಮಿಷನ್ ಮಾವ ಅನ್ನೋ ಈ ಹೆಸರಿಗೆ ಮೂಲ.

ಹೀಗಿರುವಾಗ ಒಂದು ಸೋಮವಾರ ಕಚೇರಿಗೆ ತಪಾಸಣೆಯ ಮೇಡಂ ಬಂದರು.

ಮೇಡಂ ಸಣ್ಣ ಹೆಂಗಸು, ದನಿಯೂ ಸಣ್ಣದು. ಜೋರಾಗಿ ಮಾತಾಡುವ ಅಧಿಕಾರಿಗಳನ್ನು ಮಿಷನ್ ಮಾವ ಹೇಗೋ ತಡೆದುಕೊಳ್ಳೋರು. ಮೆಲ್ಲಗೆ ಮಾತಾಡೋರನ್ನು ಕಂಡರೆ ಮಾತ್ರ ಅವರಿಗೆ ಬಚ್ಚಲುಮನೆಯ ಚಿಲಕ ನೆನಪಾಗುತ್ತಿತ್ತು. ಮೇಡಂ ಕುರ್ಚಿ ಎಣಿಸಿದರು, ಬೀರು ಎಣಿಸಿದರು, ಫ್ಯಾನಿನ ರೆಕ್ಕೆ ಎಣಿಸಿ ಎರಡು ಫ್ಯಾನಿಗೂ ಸೇರಿ ಐದೇ ಇದ್ದುದಕ್ಕೆ ಒಂದು ಗೆರೆ ಎಳೆದರು. ಆಮೇಲೆ ಕಂಪ್ಯೂಟರಿನ ಮುಂದೆ ನಿಂತರು.

"ರಿಜಿಸ್ಟರಲ್ಲಿ 'ಕಂಪ್ಯೂಟರ್ ಒಂದು, ಒಳಗಿನ ಭಾಗಗಳ ಸಹಿತ' ಅಂತ ಮಾತ್ರ ಇದೆ. ಒಳಗೆ ಏನೇನಿದೆ?"

ಕಚೇರಿಯ ಸಾಹೇಬರು ಬಾಯಿ ತೆರೆಯುವ ಮೊದಲೇ ಮಿಷನ್ ಮಾವ ಮುಂದೆ ಬಂದರು. ಹೆದರಿಕೆ ಜಾಸ್ತಿಯಾದಾಗ ಅವರಿಗೆ ಜಂಬ ಬರೋದು, ಅದೊಂದು ಕಾಯಿಲೆ. "ಬಿಚ್ಚೋದೇ ಬೇಡ ಮೇಡಂ. ಒಳಗೆ ಏನಿದೆ ಅಂತ ಅದೇ ಹೇಳುತ್ತೆ. ಸುಳ್ಳು ಹೇಳೋಕೆ ಅದೇನು ಮನುಷ್ಯನೇ?"

ಗುಂಡಿ ಒತ್ತಿದರು. ಸಾಲುಗಳು ಮೂಡಿದವು. ಒಂದು, ಪರದೆಯ ಕಾರ್ಡು. ಎರಡು, ಡಿಸ್ಕಿನ ಕಾರ್ಡು. ಮೂರು, ನದಿಯ ಕಾರ್ಡು. ನಾಲ್ಕು, ಪ್ರಿಂಟರ್ ಕಾರ್ಡು. ಐದು, ಸ್ಯಾಟಲೈಟ್ ಕಾರ್ಡು, ಸ್ಥಿತಿ ಉತ್ತಮ.

"ಸ್ಯಾಟಲೈಟಾ?" ಅಂದರು ಮೇಡಂ. "ಈ ಕಚೇರಿಯಲ್ಲಾ?"

"ಎಲ್ಲಾ ಇದೆ ನಮ್ಮಲ್ಲಿ" ಅಂದರು ಸಾಹೇಬರು, ತಾವೇ ಆಕಾಶಕ್ಕೆ ಹಾರಿಸಿದವರ ಹಾಗೆ.

ಮೇಡಂ ಕಣ್ಣಿನಿಂದ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಆದರೂ ಒಂದ್ಸಲ ಬಿಚ್ಚಿ" ಅಂದರು.

ಕಂಪ್ಯೂಟರನ್ನು ಬಿಚ್ಚುವ ಕೆಲಸ ದೊಡ್ಡಣ್ಣನದು. ದೊಡ್ಡಣ್ಣ ಅಂದರೆ ಕಚೇರಿಯ ಜವಾನ, ಇನ್ನೇಳು ತಿಂಗಳಿಗೆ ನಿವೃತ್ತಿ. ಮಾತು ಕಡಿಮೆ, ಕೆಮ್ಮು ಜಾಸ್ತಿ. ತಿಂಗಳಿಗೊಂದು ಸಲ ಮುಚ್ಚಳ ತೆಗೆದು ಬಣ್ಣದ ಬ್ರಷ್ಷಿನಲ್ಲಿ ಧೂಳು ಒರೆಸೋನು ಅವನೇ. ಆ ದಿನವೂ ಬಂದು ನಾಲ್ಕು ಸ್ಕ್ರೂ ತಿರುಗಿಸಿ ಮುಚ್ಚಳ ಎತ್ತಿದ. ಮೂರೂ ಜನ ಬಗ್ಗಿದರು. ನಾಲ್ಕು ಸ್ಲಾಟಿನಲ್ಲಿ ನಾಲ್ಕು ಕಾರ್ಡು ನಿಂತಿದ್ದವು. ಐದನೆಯದು ಬಾಯಿ ತೆರೆದುಕೊಂಡು ಖಾಲಿ ಇತ್ತು.

ಪ್ರಿಂಟರ್ ಕರಕರ ಅಂದಿತು, ಹತ್ತು ಗಂಟೆಯ ನೀರಿನ ಮಟ್ಟ.

"ಇದೆ ಅಂತ ಮಿಷನ್ನೇ ಹೇಳ್ತಿದೆ" ಅಂದರು ಮೇಡಂ ಮೆಲ್ಲಗೆ. "ಮಿಷನ್ ಸುಳ್ಳು ಹೇಳಲ್ಲ ಅಂತ ನೀವೇ ಹೇಳಿದಿರಿ. ಹಾಗಾದ್ರೆ ಕಾರ್ಡು ಎಲ್ಲಿ ಹೋಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಮಿಷನ್ ಮಾವ ಹೆಗಲಲ್ಲ, ಎರಡೂ ಜೇಬು ಮುಟ್ಟಿ ನೋಡಿಕೊಂಡರು. ಅದನ್ನು ಮೇಡಂ ನೋಡಿದರು. ಮೇಡಂ ನೋಡಿದ್ದನ್ನು ಸಾಹೇಬರು ನೋಡಿದರು. ಸಾಹೇಬರು ಕೂಡಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು, ಸಿಡಿಲು ಬಿದ್ದರೆ ಇವರೊಬ್ಬರ ಮೇಲೇ ಬೀಳಲಿ ಅನ್ನೋ ಹಾಗೆ.

"ಗುರುವಾರ ಬರ್ತೀನಿ" ಅಂದರು ಮೇಡಂ. "ಅಷ್ಟರೊಳಗೆ ಕಾರ್ಡು ಸಿಗಬೇಕು. ಇಲ್ಲಾ, ಯಾರು ತಗೊಂಡ್ರು ಅಂತ ಗೊತ್ತಾಗಬೇಕು. ಎರಡೂ ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್."

ಮನೆಗೆ ಬಂದ ಮಿಷನ್ ಮಾವ ಚಪ್ಪಲಿ ಬಿಡದೆ ನೇರ ಅಟ್ಟ ಹತ್ತಿದರು. ಟ್ರಂಕು ತೆಗೆದರು, ಹಳೇ ಹಾಸಿಗೆ ಕೊಡವಿದರು, ಅಕ್ಕಿ ಡಬ್ಬಕ್ಕೆ ಮೊಣಕೈವರೆಗೆ ಕೈಹಾಕಿದರು.

"ರೀ, ಏನು ಹುಡುಕ್ತಿದ್ದೀರಿ?" ಅಂತ ಹೆಂಡತಿ.

"ನಾನು ಕದ್ದಿದ್ದೀನಾ ಅಂತ ನೋಡ್ತಿದ್ದೀನಿ."

"ಕದ್ದಿದ್ರೆ ನಿಮಗೆ ಗೊತ್ತಿರಲ್ವಾ?"

"ನನಗೇನು ಗೊತ್ತೇ! ಮರೆತಿರಬಹುದು. ವಯಸ್ಸಾಯ್ತು."

ಹೆಂಡತಿ ಹಣೆ ಚಚ್ಚಿಕೊಂಡು ತಮ್ಮನಿಗೆ ಹೇಳಿಕಳಿಸಿದರು. ಇದೇ ತಪ್ಪಾಗಿದ್ದು. ಈ ಭಾವಮೈದುನ ಜೈಲಿನಲ್ಲಿ ವಾರ್ಡರ್ ಆಗಿದ್ದು ಅವಧಿಗೆ ಮೊದಲೇ ರಿಟೈರ್ ಆದವನು. ಲೋಕದಲ್ಲಿ ಅವನಿಗೆ ಗೊತ್ತಿದ್ದುದು ಒಂದೇ ವಿಷಯ, ಅದನ್ನು ಧಾರಾಳವಾಗಿ ಹಂಚೋನು. ಬಂದವನೇ ಕಾಲು ಚಾಚಿ ಕೂತು ಕಥೆಯೆಲ್ಲ ಕೇಳಿ, ಭಾವನನ್ನು ಮೇಲಿಂದ ಕೆಳಗೆ ನೋಡಿದ.

"ಭಾವ, ನೆಲದ ಮೇಲೆ ಮಲಗಿ ಅಭ್ಯಾಸ ಇದೆಯಾ?"

"ಯಾಕಪ್ಪಾ?"

"ಸುಮ್ನೆ ಕೇಳ್ದೆ. ಇವತ್ತಿಂದಲೇ ಶುರು ಮಾಡ್ಕೊಳ್ಳಿ, ಇಲ್ಲಾಂದ್ರೆ ಒಂದೇ ಸಲಕ್ಕೆ ಸೊಂಟ ಹಿಡ್ಕೊಳ್ಳುತ್ತೆ. ಮೊದಲನೇ ವಾರ ಕಷ್ಟ. ಆಮೇಲೆ ನಮ್ಮೋರೇ ಇದ್ದಾರೆ, ಹೇಳ್ತೀನಿ, ಕಿಟಕಿ ಇರೋ ರೂಮ್ ಕೊಡಿಸ್ತೀನಿ. ಇನ್ನೊಂದು ಮಾತು, ಮೂಲೇಲಿ ಮಲಗೋಕೆ ಹೋಗ್ಬೇಡಿ. ಯಾಕೆ ಅಂತ ಮಾತ್ರ ಕೇಳ್ಬೇಡಿ."

ಮಿಷನ್ ಮಾವ ಕೇಳಲಿಲ್ಲ. ಕೇಳದೇ ಇದ್ದುದರಿಂದ ಅವರಿಗೆ ಇನ್ನೂರು ಕಾರಣ ಹೊಳೆದವು, ಒಂದಕ್ಕಿಂತ ಒಂದು ಭಯಂಕರ.

"ನಿಂಗೆ ಬುದ್ಧಿ ಇಲ್ವೇನೋ!" ಅಂತ ಅಕ್ಕ ತಮ್ಮನ ಮೇಲೆ ಹರಿಹಾಯ್ದರು. "ಅವರು ಏನೂ ಮಾಡಿಲ್ಲ!"

"ನನ್ನ ಸರ್ವೀಸಲ್ಲಿ ಒಳಗೆ ಬಂದೋರೆಲ್ಲ ಅದೇ ಹೇಳಿದ್ದು ಅಕ್ಕ" ಅಂದ ತಮ್ಮ, ಬಹಳ ಸಮಾಧಾನದಿಂದ.

ಸಂಜೆ ಹೊತ್ತಿಗೆ ಬೀದಿಗೆಲ್ಲ ಸುದ್ದಿ. ಇಲಿ ಬಂತು ಅಂದರೆ ಹುಲಿ ಬಂತು ಅನ್ನೋ ಜನ. ಒಂದು ಕಾರ್ಡು ಹೋಗಿ ಒಂದು ಸ್ಯಾಟಲೈಟೇ ಕಾಣೆಯಾಗಿದೆ ಅಂತಾಯಿತು. ಟೈಲರ್ ಬಾಗಿಲಿಗೆ ಬಂದು ನಿಂತ. ಹನ್ನೆರಡು ವರ್ಷದಿಂದ "ಮಾವ" ಅನ್ನುತ್ತಿದ್ದವನು ಆ ದಿನ ಕೈಕಟ್ಟಿಕೊಂಡು, "ಸಾರ್, ನೀವು ಹೊಲಿಯೋಕೆ ಕೊಟ್ಟ ಪ್ಯಾಂಟು ಈಗಲೇ ಬೇಕಾ, ಅಥವಾ ಬಂದ ಮೇಲೆ ತಗೋತೀರಾ?" ಅಂತ ಕೇಳಿದ.

"ಎಲ್ಲಿಂದ ಬಂದ ಮೇಲೆ?"

ಟೈಲರ್ ಕೊರಳಿನ ಟೇಪು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದ. ಮಿಷನ್ ಮಾವ ಬಾಗಿಲಿಗೆ ಚಿಲಕ ಹಾಕಿಕೊಂಡರು. ಕಳ್ಳ ಅಂತ ಹೆಸರು ಬಂದಮೇಲೆ ಈ ಬೀದಿಯಲ್ಲಿ ಹೇಗೆ ನಡೆಯೋದು? ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಒಂದು ಗುಂಡುಸೂಜಿ ಮನೆಗೆ ತಂದವರಲ್ಲ. ತರಬಾರದು ಅಂತಲ್ಲ, ಧೈರ್ಯ ಇರಲಿಲ್ಲ.

ಮಂಗಳವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅವರು ರೇಡಿಯೋ ರಿಪೇರಿಯವನ ಮೆಟ್ಟಿಲ ಮೇಲೆ ಕೂತಿದ್ದರು. ಆ ಅಂಗಡಿಯಲ್ಲಿ ಸತ್ತ ರೇಡಿಯೋ, ಸತ್ತ ಟಿ.ವಿ., ಸತ್ತ ಕಂಪ್ಯೂಟರ್ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತಿದ್ದವು.

"ನಿನ್ನ ಹತ್ರ ಸ್ಯಾಟಲೈಟ್ ಕಾರ್ಡು ಇದೆಯೇನಪ್ಪಾ?"

"ಏನು ಕಾರ್ಡೋ ಗೊತ್ತಿಲ್ಲ. ನಿಮ್ಮ ಮಿಷನ್ನಿಗೆ ಕೂರುವಂಥದ್ದು ಒಂದಿದೆ. ಹಸಿರಾಗಿದೆ."

"ಹಸಿರಾಗಿದ್ರೆ ಸಾಕು" ಅಂದರು ಮಿಷನ್ ಮಾವ. ಮುಳುಗುವವನಿಗೆ ಹುಲ್ಲುಕಡ್ಡಿಯ ಬಣ್ಣ ಯಾಕೆ? ಅಂಗಿಯೊಳಗೆ ಇಟ್ಟುಕೊಂಡು ಕಚೇರಿಗೆ ಓಡಿದರು. ಇನ್ನೂ ಯಾರೂ ಬಂದಿರಲಿಲ್ಲ. ಮುಚ್ಚಳ ತೆಗೆದು, ಕಾರ್ಡನ್ನು ಐದನೇ ಸ್ಲಾಟಿಗೆ ಒತ್ತಿದರು. ಕೂತಿತು. ಸ್ವಿಚ್ ಹಾಕಿ, ದೇವರನ್ನು ನೆನೆದು, ಪಟ್ಟಿಯ ಗುಂಡಿ ಒತ್ತಿದರು.

ಐದು, ಸ್ಯಾಟಲೈಟ್ ಕಾರ್ಡು, ಸ್ಥಿತಿ ಉತ್ತಮ. ಉಸಿರು ಬಿಟ್ಟರು. ಅಷ್ಟರಲ್ಲಿ ಪರದೆ ಒಂದು ಸಲ ಮಿಟುಕಿ, ಕೆಳಗೆ ಇನ್ನೊಂದು ಸಾಲು ಮೂಡಿತು. ಐದು, ವಿಡಿಯೋ ಆಟದ ಕೋಲು ಸಿಕ್ಕಿಸುವ ಕಾರ್ಡು.

ಐದು ಸ್ಲಾಟು, ಆರು ಕಾರ್ಡು. ಒಂದೇ ಕುರ್ಚಿಯಲ್ಲಿ ಇಬ್ಬರು. ಮಿಷನ್ ಮಾವ ಕಣ್ಣುಜ್ಜಿ ನೋಡಿದರು, ಗುಂಡಿ ಮತ್ತೆ ಒತ್ತಿದರು, ಪರದೆಯನ್ನು ಕರ್ಚೀಫಿನಲ್ಲಿ ಒರೆಸಿಯೂ ನೋಡಿದರು. ಆರನೇ ಸಾಲು ಅಳಿಯಲಿಲ್ಲ. ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಬಾಗಿಲಲ್ಲಿ ದೊಡ್ಡಣ್ಣ, ಅವನ ಹಿಂದೆ ಸಾಹೇಬರು.

"ನಿನ್ನೆ ಕಾರ್ಡು ಒಂದು ಕಡಿಮೆ ಇತ್ತು" ಅಂದರು ಸಾಹೇಬರು, ಪರದೆಯನ್ನೇ ನೋಡುತ್ತಾ. "ಇವತ್ತು ಒಂದು ಜಾಸ್ತಿ ಆಗಿದೆ. ಏನ್ರೀ ಇದು, ಮರಿ ಹಾಕ್ತಾ?"

"ಗೊತ್ತಿಲ್ಲ ಸಾರ್. ಅದಾಗೇ..."

"ಆಟ ಆಡೋ ಕಾರ್ಡು! ಸರ್ಕಾರಿ ನದಿಗೆ! ನಾನು ಈಗಲೇ ಮೇಡಂಗೆ ಫೋನ್ ಮಾಡ್ತೀನಿ. ನನ್ನ ಮೇಲೆ ಬರಬಾರದು."

ಮಿಷನ್ ಮಾವ ಆ ಕಾರ್ಡನ್ನು ಕಿತ್ತುಕೊಂಡು ರಿಪೇರಿಯವನ ಅಂಗಡಿಗೆ ವಾಪಸ್ ಓಡಿದರು. "ಏನು ಕೊಟ್ಟೆಯೋ ಮಾರಾಯ! ಒಂದು ತಪ್ಪಿಗೆ ಎರಡಾಯ್ತು!"

ರಿಪೇರಿಯವನು ಬೆಸುಗೆ ಕಡ್ಡಿ ಕೆಳಗಿಟ್ಟು ಎಲ್ಲ ಕೇಳಿ, ನಗೋಕೆ ಶುರುಮಾಡಿದ. "ಅಲ್ಲಾ ಮಾವ, ಕಾರ್ಡಲ್ಲಿ ಎರಡು ಜಾತಿ. ಹೊಸ ಕಾಲದ್ದು ಬಾಯಿ ಇರೋದು. ಮಿಷನ್ ಕೇಳಿದ್ರೆ 'ನಾನು ಇಂಥವನು, ಇಂಥ ಕಂಪನಿ' ಅಂತ ತಾನೇ ಹೇಳುತ್ತೆ. ಹಳೇದು ಮೂಕ. ಏನು ಕೇಳಿದ್ರೂ ಸುಮ್ನೆ ನಿಂತಿರುತ್ತೆ. ನಿಮ್ಮ ಮಿಷನ್ನಲ್ಲಿ ಇರೋದೆಲ್ಲ ಮೂಕ ಕಾರ್ಡುಗಳೇ."

"ಮತ್ತೆ ಪಟ್ಟಿ ಹೇಗೆ ಬರುತ್ತೆ?"

"ಯಾರಾದ್ರೂ ಒಂದು ಫೈಲಲ್ಲಿ ಬರೆದಿಟ್ಟಿರ್ತಾರೆ. ಒಂದರಲ್ಲಿ ಇದು, ಎರಡರಲ್ಲಿ ಅದು ಅಂತ. ಮಿಷನ್ನು ಬರೆದಿದ್ದನ್ನೇ ಓದಿ ಒಪ್ಪಿಸುತ್ತೆ. ಇದೆಯೋ ಇಲ್ಲವೋ ಅಂತ ಅದಕ್ಕೇನು ಗೊತ್ತು? ಆಮೇಲೆ ಬಾಯಿ ಇರೋ ಕಾರ್ಡು ಸಿಕ್ಕರೆ ಅದನ್ನೂ ಕೆಳಗೆ ಸೇರಿಸುತ್ತೆ. ಯಾರೋ ಪುಣ್ಯಾತ್ಮ ಇಲ್ಲದ ಕಾರ್ಡು ಬರೆದಿಟ್ಟಿದ್ದಾನೆ, ಅಷ್ಟೇ."

ಮಿಷನ್ ಮಾವ ಒಂದು ಸತ್ತ ಟಿ.ವಿ. ಮೇಲೆ ಕೂತುಬಿಟ್ಟರು. ಆ ಪುಣ್ಯಾತ್ಮನ ಮುಖ ಅವರು ದಿನಾ ಬೆಳಗ್ಗೆ ಕ್ಷೌರದ ಕನ್ನಡಿಯಲ್ಲಿ ನೋಡುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ ಮೆಕ್ಯಾನಿಕ್ ಹೊರಡೋ ಅವಸರದಲ್ಲಿ, "ಸಾರ್, ಯಾವ ಸ್ಲಾಟಲ್ಲಿ ಯಾವುದಿದೆ ಅಂತ ಇಲ್ಲಿ ನೀವೇ ತುಂಬಿಬಿಡಿ" ಅಂತ ಒಂದು ಕೋಷ್ಟಕ ತೆರೆದುಕೊಟ್ಟು ಹೋಗಿದ್ದ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ. ಕಂಪ್ಯೂಟರಿನ ಜೊತೆ ಬಂದಿದ್ದ ಬಣ್ಣದ ಪುಸ್ತಕ ಬಿಡಿಸಿ ನಾಲ್ಕನ್ನು ಹೇಗೋ ಹೊಂದಿಸಿದ್ದರು. ಐದನೇ ಸಾಲು ಉಳಿಯಿತು. ಆ ಕಚೇರಿಯಲ್ಲಿ ಯಾವ ನಮೂನೆಯಲ್ಲೂ ಖಾಲಿ ಕಾಲಂ ಬಿಡುವಂತಿರಲಿಲ್ಲ. ಖಾಲಿ ಬಿಟ್ಟ ಕಾಗದ ಸಾಹೇಬರ ಮೇಜಿನಿಂದ ಕೆಂಪು ಶಾಯಿ ಬಳಿದುಕೊಂಡು ವಾಪಸ್ ಬರೋದು. ಅದಕ್ಕೇ ಪುಸ್ತಕದ ಕೊನೇ ಪುಟದಲ್ಲಿ ಅಂದವಾಗಿ ಕಂಡ ಸ್ಯಾಟಲೈಟ್ ಕಾರ್ಡನ್ನು ಬರೆದು, ಸ್ಥಿತಿ ಅನ್ನೋ ಜಾಗದಲ್ಲಿ ಉತ್ತಮ ಅಂತ ಸೇರಿಸಿ ಕೈತೊಳೆದುಕೊಂಡಿದ್ದರು. ಆಮೇಲೆ ಹನ್ನೆರಡು ವರ್ಷ ಅದನ್ನು ಎಲ್ಲರಿಗೂ ತೋರಿಸಿ ತೋರಿಸಿ, ತಾವು ಬರೆದದ್ದನ್ನು ತಾವೇ ನಂಬಿಬಿಟ್ಟಿದ್ದರು.

ಈಗ ಸಮಾಧಾನ ಆಗಬೇಕಿತ್ತು, ಅಲ್ಲವೇ? ಯಾರೂ ಕದ್ದಿಲ್ಲ ಅಂತ ಗೊತ್ತಾಯಿತಲ್ಲ. ಆದರೆ ಮಿಷನ್ ಮಾವ ಹೆದರಿಕೆಯಲ್ಲಿ ಪಂಡಿತರು. ಒಂದು ಹೆದರಿಕೆ ಹೋದ ಜಾಗ ಅವರೂ ಖಾಲಿ ಬಿಡುತ್ತಿರಲಿಲ್ಲ.

"ಹೋಗಿ ನಿಜ ಹೇಳಿಬಿಡಿ" ಅಂದರು ಹೆಂಡತಿ, ಅಂಗಡಿಯಿಂದ ಕಚೇರಿಗೆ ಹೋಗದೆ ನೇರ ಮನೆಗೆ ಬಂದವರಿಗೆ. "ತಪ್ಪಾಯ್ತು ಅನ್ನಿ, ಮುಗೀತು."

"ಎಲ್ಲಿ ಮುಗಿಯುತ್ತೆ ಅಕ್ಕ!" ಅಂದ ಭಾವಮೈದುನ, ಯಾರೂ ಕರೆಯದೇ ಬಂದಿದ್ದ. "ಕಳ್ಳತನ ಬೇರೆ, ಸರ್ಕಾರಿ ದಾಖಲೇಲಿ ಸುಳ್ಳು ಬರೆಯೋದು ಬೇರೆ. ಕಳ್ಳರಿಗೆ ಒಳಗೆ ಒಂದು ಮರ್ಯಾದೆ ಇದೆ. ಸುಳ್ಳು ಬರೆದೋರನ್ನ ಕಳ್ಳರೂ ಹತ್ತಿರ ಸೇರಿಸಲ್ಲ. ಅವರಿಗೆ ಮೂಲೆಯೇ ಗತಿ."

ಮಿಷನ್ ಮಾವ ಆ ರಾತ್ರಿ ನೆಲದ ಮೇಲೇ ಮಲಗಿದರು. ಬೆಳಗ್ಗೆ ಎದ್ದಾಗ ಸೊಂಟ ಹಿಡಿದಿತ್ತು, ಆದರೆ ಒಂದು ಉಪಾಯ ಹೊಳೆದಿತ್ತು. ಆ ಒಂದು ಸಾಲನ್ನು ಅಳಿಸಿಬಿಟ್ಟರೆ? ಪಟ್ಟಿಯಲ್ಲಿ ನಾಲ್ಕೇ, ಒಳಗೂ ನಾಲ್ಕೇ. ಮಿಷನ್ ತಪ್ಪು ತಿದ್ದಿಕೊಂಡಿತು ಅಂದರಾಯಿತು.

ಸೊಂಟ ಹಿಡಿದುಕೊಂಡು ಕಚೇರಿಗೆ ಹೋದರೆ, ಕೀಬೋರ್ಡಿನ ಮೇಲೆ ಅಡ್ಡಡ್ಡ ಕಾಗದ ಅಂಟಿಸಿ, ಅರಗಿನ ಸೀಲು ಒತ್ತಿ, ಮೇಡಂ ಸಹಿ ಹಾಕಿದ್ದರು. ಮಂಗಳವಾರ ಮಧ್ಯಾಹ್ನವೇ ಬಂದು ಹಾಕಿ ಹೋಗಿದ್ದರಂತೆ. ಮಿಷನ್ ಮಾವ ಆ ಸೀಲನ್ನು ಮುಟ್ಟಲೂ ಇಲ್ಲ, ಅದರ ಪಕ್ಕ ಉಸಿರಾಡಲೂ ಇಲ್ಲ. ಬುಧವಾರ ಇಡೀ ದಿನ ಅದರ ಮುಂದೆ ಕೂತು, ಗಂಟೆಗೊಂದು ಸಲ ಬರುವ ಸಾಲನ್ನು ಹರಿದು, "ಹೂಂ" ಅನ್ನದೇ ಫೈಲಿಗೆ ಚುಚ್ಚಿದರು. ದೊಡ್ಡಣ್ಣನೂ ಆ ದಿನ ಯಾಕೋ ಸಪ್ಪಗಿದ್ದ. ಸಾಹೇಬರು ಅವನನ್ನು ಎರಡು ಸಲ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ತಮ್ಮ ಹೆದರಿಕೆಯೇ ಹಾಸಿ ಹೊದೆಯುವಷ್ಟಿದ್ದುದರಿಂದ ಮಿಷನ್ ಮಾವ ಅದನ್ನು ವಿಚಾರಿಸಲಿಲ್ಲ.

ಗುರುವಾರ ಹತ್ತು ಗಂಟೆಗೆ ಮೇಡಂ ಬಂದು ಕೂತರು. ಸಾಹೇಬರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಮುಖದಲ್ಲಿ ಗೆಲುವು. "ಮೇಡಂ, ಪ್ರಕರಣ ಪತ್ತೆ ಆಯ್ತು" ಅಂದು ಒಂದು ಕಾಗದ ಮುಂದಿಟ್ಟರು. "ತಪ್ಪೊಪ್ಪಿಗೆ."

ತಾವು ಯಾವಾಗ ಒಪ್ಪಿಕೊಂಡೆವು ಅಂತ ಮಿಷನ್ ಮಾವ ನೆನಪಿಸಿಕೊಳ್ಳುತ್ತಿರುವಾಗಲೇ ಸಾಹೇಬರು ಓದತೊಡಗಿದರು. "'ನಾನು ಈ ಕಚೇರಿಯ ಜವಾನ. ಧೂಳು ಒರೆಸುವಾಗ ಆಸೆಗೆ ಬಿದ್ದು ಐದನೇ ಸ್ಲಾಟಿನ ಸ್ಯಾಟಲೈಟ್ ಕಾರ್ಡನ್ನು ತೆಗೆದುಕೊಂಡಿದ್ದು ನಿಜ. ಸೇತುವೆ ಹತ್ತಿರ ಒಬ್ಬ ಗಡ್ಡದವನಿಗೆ ಮಾರಿದ್ದೂ ನಿಜ.' ಹೆಬ್ಬೆಟ್ಟಲ್ಲ ಮೇಡಂ, ಸಹಿಯೇ ಹಾಕಿದ್ದಾನೆ."

ದೊಡ್ಡಣ್ಣ ಗೋಡೆಗೆ ಒರಗಿ ನಿಂತಿದ್ದ.

"ಎಷ್ಟು ದೊಡ್ಡದಿತ್ತು ಕಾರ್ಡು?" ಅಂತ ಮೇಡಂ ಮೆಲ್ಲಗೆ ಕೇಳಿದರು.

ದೊಡ್ಡಣ್ಣ ಸಾಹೇಬರ ಮುಖ ನೋಡಿದ. ಅಲ್ಲಿ ಉತ್ತರ ಇರಲಿಲ್ಲ. ಎರಡೂ ಕೈ ಅಗಲಿಸಿ ಒಂದು ಸೋರೆಕಾಯಿಯಷ್ಟು ತೋರಿಸಿದ. ಮೇಡಂ ಹುಬ್ಬೇರಿಸಿದರು. ಕೈ ಸ್ವಲ್ಪ ಹತ್ತಿರ ತಂದ. ಹುಬ್ಬು ಇಳಿಯಲಿಲ್ಲ. ಇನ್ನೂ ಹತ್ತಿರ ತಂದ. ಕೊನೆಗೆ ಎರಡು ಅಂಗೈ ಒಂದಕ್ಕೊಂದು ಅಂಟಿ, ನಮಸ್ಕಾರ ಮಾಡಿದಂತೆ ಆಯಿತು. ಅಲ್ಲಿಗೇ ನಿಲ್ಲಿಸಿಬಿಟ್ಟ.

ಮಿಷನ್ ಮಾವ ಆ ಕೈಗಳನ್ನು ನೋಡಿದರು. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಮನೆಗೆ ಹೋಗಬಹುದು. ಟೈಲರ್ ಮತ್ತೆ ಮಾವ ಅನ್ನುತ್ತಾನೆ. ಮೂಲೆಯಲ್ಲಿ ಮಲಗೋದು ಈ ಕೆಮ್ಮಿನವನು. ಅವರಿಗೆ ತುಂಬಾ ಭಯವಾಯಿತು, ಜೀವಮಾನದಲ್ಲಿ ಅಷ್ಟು ಭಯ ಆಗಿರಲಿಲ್ಲ. ಈ ಸಲದ ಭಯ ಮಾತ್ರ ಸಿಕ್ಕಿಬೀಳೋದಕ್ಕಲ್ಲ, ತಪ್ಪಿಸಿಕೊಂಡುಬಿಡುತ್ತೀನಲ್ಲ ಅನ್ನೋದಕ್ಕೆ.

"ಮೇಡಂ, ಅವನು ಕದ್ದಿಲ್ಲ" ಅಂದರು. ದನಿ ಎಲ್ಲಿಂದಲೋ ಬಂದಹಾಗಿತ್ತು. "ಆ ಕಾರ್ಡು ಯಾವತ್ತೂ ಇರಲೇ ಇಲ್ಲ. ನಾನೇ ಬರೆದಿದ್ದು. ಖಾಲಿ ಬಿಡಬಾರದು ಅಂತ ಬರೆದೆ. ನನಗೆ ಕಂಪ್ಯೂಟರ್ ಸರಿಯಾಗಿ ಬರಲ್ಲ, ಯಾವತ್ತೂ ಬರ್ತಿರಲಿಲ್ಲ."

"ಸುಮ್ನಿರ್ರೀ!" ಅಂದರು ಸಾಹೇಬರು. "ಅವನೇ ಒಪ್ಪಿಕೊಂಡಿದ್ದಾನೆ, ನಿಮ್ಮದೇನು ಮಧ್ಯೆ? ಇವನ ಮೇಲೆ ಕನಿಕರ ಮೇಡಂ ಇವರಿಗೆ. ಮಿಷನ್ ಹೇಳುತ್ತೆ ಇತ್ತು ಅಂತ, ಅವನು ಹೇಳ್ತಾನೆ ಕದ್ದೆ ಅಂತ, ಇನ್ನೇನು ಸಾಕ್ಷಿ ಬೇಕು?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ಈ ಸಾಹೇಬರು. ಮಿಷನ್ ಮಾವ ಅವರ ಕಡೆ ನೋಡಲಿಲ್ಲ. "ಸೀಲು ತೆಗೆಸಿ ಮೇಡಂ. ತೋರಿಸ್ತೀನಿ."

ಮೇಡಂ ತಾವೇ ಎದ್ದು ಸೀಲು ಒಡೆದರು. ಮಿಷನ್ ಮಾವನಿಗೆ ಆ ಹಳೇ ಕೋಷ್ಟಕ ಹುಡುಕಿ ತೆರೆಯೋಕೆ ಕಾಲು ಗಂಟೆ ಹಿಡಿಯಿತು. ಮೂರು ಸಲ ತಪ್ಪು ಗುಂಡಿ ಒತ್ತಿದರು, ಒಂದು ಸಲ ಪ್ರಿಂಟರ್ ಸುಮ್ಮಸುಮ್ಮನೆ ಅರ್ಧ ಗಜ ಕಾಗದ ಕಾರಿತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕೊನೆಗೆ ಐದನೇ ಸಾಲಿನ ಕೆಳಗೆ ಒಂದೊಂದೇ ಅಕ್ಷರ ಕುಟ್ಟಿ ಏನೋ ಬರೆದು, ಪಟ್ಟಿಯ ಗುಂಡಿ ಒತ್ತಿದರು.

ಹಸಿರು ಸಾಲುಗಳು ಮೂಡಿದವು. ಐದು, ಸ್ಯಾಟಲೈಟ್ ಕಾರ್ಡು, ಸ್ಥಿತಿ ಉತ್ತಮ. ಆರು, ಸಾಹೇಬರ ಕುರ್ಚಿ, ಸ್ಥಿತಿ ಉತ್ತಮ.

"ಆರನೇ ಸ್ಲಾಟೇ ಇಲ್ಲ ಮೇಡಂ ಇದರಲ್ಲಿ" ಅಂದರು ಮಿಷನ್ ಮಾವ. "ಆದರೂ ನೋಡಿ, ಇದೆ ಅಂತಿದೆ."

ಸಾಹೇಬರು ಗಾಬರಿಯಿಂದ ಎದ್ದು ನಿಂತು, ತಮ್ಮ ಕುರ್ಚಿ ತಿರುಗಿ ನೋಡಿಕೊಂಡರು. "ಅಳಿಸ್ರೀ ಅದನ್ನ! ಮೇಡಂ, ಅದು ಮಿಷನ್ ಒಳಗಿಲ್ಲ, ಇಲ್ಲೇ ಇದೆ, ನೀವೇ ಸೋಮವಾರ ಎಣಿಸಿದ್ದೀರಿ! ನಾಳೆ ಇದೂ ಕಾಣೆ ಅಂದ್ರೆ ನಾನೇನು ಮಾಡ್ಲಿ?"

ಮೇಡಂ ಪರದೆಯ ಹತ್ತಿರ ಬಂದು ಬಹಳ ಹೊತ್ತು ನೋಡಿದರು. ಆಮೇಲೆ ಆ ತಪ್ಪೊಪ್ಪಿಗೆ ಕಾಗದವನ್ನು ಎತ್ತಿ, ಸಾಹೇಬರ ಮುಂದೆ ಹಿಡಿದು, "ಇದನ್ನ ಯಾರು ಬರೆದಿದ್ದು?" ಅಂತ ಕೇಳಿದರು. ಇನ್ನೂ ಮೆಲ್ಲಗೆ.

ಸಹಿ ಮಾತ್ರ ದೊಡ್ಡಣ್ಣನದು, ಅಕ್ಷರ ಸಾಹೇಬರದು ಅಂತ ಯಾರಿಗಾದರೂ ಕಾಣುವಂತಿತ್ತು. ಮೇಡಂ ಆ ಕಾಗದವನ್ನು ಹರಿಯಲಿಲ್ಲ, ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಸಾಹೇಬರ ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಮಿಷನ್ ಮಾವನಿಗೆ ಒಂದು ಎಚ್ಚರಿಕೆ ಪತ್ರ ಬಂತು, ಕಂಪ್ಯೂಟರಿನಿಂದ ಎಬ್ಬಿಸಿ ಟಪಾಲು ಮೇಜಿಗೆ ಹಾಕಿದರು. ಪೊಲೀಸ್ ಇಲ್ಲ, ಜೈಲಿಲ್ಲ. ಭಾವಮೈದುನನಿಗೆ ಸ್ವಲ್ಪ ನಿರಾಸೆಯಾಯಿತು ಅಂತ ಹೆಂಡತಿ ಆಮೇಲೆ ಹೇಳಿದರು.

ಅದೆಲ್ಲ ಆಮೇಲಿನ ಮಾತು. ಆ ಗುರುವಾರ ಮೇಡಂ ಹೋದ ಮೇಲೆ ಮಿಷನ್ ಮಾವ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತಿಗೆ ದೊಡ್ಡಣ್ಣ ಬಂದು ಒಂದು ಮೆಟ್ಟಿಲು ಕೆಳಗೆ ಕೂತ. ಇಬ್ಬರೂ ನದಿ ನೋಡಿದರು.

"ಯಾಕಯ್ಯಾ ಒಪ್ಪಿಕೊಂಡೆ?" ಅಂತ ಮಿಷನ್ ಮಾವ ಕೇಳಿದರು.

"ಒಪ್ಪಿಕೊಂಡ್ರೆ ಬೇಗ ಮುಗಿಯುತ್ತೆ ಅಂದ್ರು ಸಾಹೇಬ್ರು." ದೊಡ್ಡಣ್ಣ ಕೆಮ್ಮಿದ. "ಅದಲ್ಲ ಬಿಡಿ. ಮೂರು ದಿನ ಎಲ್ಲರೂ ನನ್ನನ್ನೇ ನೋಡ್ತಿದ್ರು ಸ್ವಾಮಿ. ಮಿಷನ್ ಬೇರೆ ಇತ್ತು ಅಂತಿದೆ. ಒರೆಸೋನು ನಾನೊಬ್ಬನೇ. ನೋಡ್ತಾ ನೋಡ್ತಾ, ನಾನೇ ಕದ್ದಿರಬೇಕು ಅಂತ ನನಗೇ ಅನ್ನಿಸಿಬಿಡ್ತು. ಆ ಗಡ್ಡದವನ ಮುಖ ಈಗಲೂ ಕಣ್ಣ ಮುಂದೆ ಇದೆ."

ಮಿಷನ್ ಮಾವ ಒಂದು ಮೆಟ್ಟಿಲು ಕೆಳಗಿಳಿದು ಅವನ ಪಕ್ಕದಲ್ಲಿ ಕೂತರು.

"ನಾನು ಅಕ್ಕಿ ಡಬ್ಬದಲ್ಲಿ ಹುಡುಕಿದೆ ಕಣಯ್ಯಾ" ಅಂದರು.